ಪುಕ್ಕಟೆ ಸೀಮೆ

ಕಣ್ಣಿಗೆ ಅಡ್ಡ ಬರುವಂಥದ್ದು ಏನೂ ಇಲ್ಲದ ಕಡೆ ಹಾದಿಹೋಕರನ್ನು ನಿಲ್ಲಿಸುವುದು ಹೇಗೆ? ಅಮೆರಿಕದ ಪ್ರೇರಿ ಸೀಮೆಯವರು ಕಂಡುಕೊಂಡ ಉಪಾಯ ಒಂದೇ: 'ಪುಕ್ಕಟೆ' ಎಂದು ಸಾರುವುದು. ಸೌತ್ ಡಕೋಟಾ ರಾಜ್ಯವನ್ನು ನಮ್ಮ ಭಾವನ ಜೊತೆ ಪೂರ್ವದಿಂದ ಪಶ್ಚಿಮಕ್ಕೆ ದಾಟಿದವನಾದ್ದರಿಂದ ಇದನ್ನು ಧೈರ್ಯವಾಗಿ ಹೇಳುತ್ತಿದ್ದೇನೆ. ಭಾವ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಮಾಡಿ ನಿವೃತ್ತರಾದವರು. ಅವರಿಗೆ ಇರುವುದು ಎರಡೇ ಚಪಲ. ಚಾರಿತ್ರಿಕ ಸ್ಥಳ ಕಂಡರೆ ಇಳಿಯಲೇಬೇಕು, ಬಿಟ್ಟಿ ಸಿಕ್ಕಿದ್ದನ್ನು ಬಿಡಬಾರದು. ಕಾರು ಅಕ್ಕನ ಮಗನದು; ಮಿನಿಯಾಪೊಲಿಸ್‌ನಲ್ಲಿ ಅವನಿಗೆ ಕೆಲಸ. ಪೆಟ್ರೋಲೂ ಅವನದೇ, ಸಹನೆಯೂ ಅವನದೇ.

ಅಲ್ಲಿನ ಹೆದ್ದಾರಿಯಲ್ಲಿ ಗಂಟೆಗೆ 80 ಮೈಲಿ ಓಡಿಸಲು ಕಾನೂನೇ ಒಪ್ಪುತ್ತದೆ. ಓಡಿಸಿದರೂ ಮುಂದೆ ಹೋದ ಹಾಗೆ ಅನ್ನಿಸುವುದಿಲ್ಲ. ಹುಲ್ಲು, ಜೋಳ, ಒಂದು ನೀರಿನ ಟ್ಯಾಂಕು, ಮತ್ತೆ ಹುಲ್ಲು. ಅಕ್ಕ ಒಂದು ನಿದ್ದೆ ತೆಗೆದು ಎದ್ದು, "ಇನ್ನೂ ಇಲ್ಲೇ ಇದ್ದೀವಾ?" ಎಂದಳು.

ಮೊದಲು ಇಳಿದದ್ದು ಡಿ ಸ್ಮೆಟ್‌ನಲ್ಲಿ. ಲಾರಾ ಇಂಗಲ್ಸ್ ವೈಲ್ಡರ್ ಬರೆದ ಪುಟ್ಟ ಮನೆಯ ಕಥೆಗಳು ಕನ್ನಡಕ್ಕೂ ಬಂದಿವೆ. ಅಕ್ಕ ಅವನ್ನು ಲೈಬ್ರರಿಯಿಂದ ತಂದು ಓದಿದವಳು. ಲಾರಾಳ ಅಪ್ಪ ಜಮೀನು ಹಿಡಿದದ್ದು ಇಲ್ಲೇ. 1862ರ ಹೋಮ್‌ಸ್ಟೆಡ್ ಕಾಯಿದೆ ಪ್ರಕಾರ ಐದು ವರ್ಷ ಅಲ್ಲೇ ಬಿಡಾರ ಮಾಡಿ ಉತ್ತು ಬಿತ್ತಿದರೆ 160 ಎಕರೆ ನಿಮ್ಮದು. ಅರ್ಜಿಯ ಖರ್ಚು ಬಿಟ್ಟರೆ ಪುಕ್ಕಟೆ. ಎರಡು ಗುಂಟೆ ಹಿತ್ತಲಿಗಾಗಿ ದಾಯಾದಿಗಳ ಮೇಲೆ ದಾವೆ ಹೂಡಿರುವ ಭಾವ ಈ ಲೆಕ್ಕ ಕೇಳಿ ಸ್ವಲ್ಪ ಹೊತ್ತು ಮಾತಾಡಲಿಲ್ಲ.

ಆ ಅಪ್ಪ ಹೆಂಡತಿಗೊಂದು, ನಾಲ್ಕು ಹೆಣ್ಣುಮಕ್ಕಳಿಗೆ ಒಂದೊಂದು ಎಂದು ಕಾಟನ್‌ವುಡ್ ಗಿಡ ನೆಟ್ಟಿದ್ದನಂತೆ. "ತನಗೊಂದು ನೆಟ್ಟುಕೊಳ್ಳಲಿಲ್ವಾ?" ಎಂದಳು ಅಕ್ಕ. "ಗಂಡಸಿಗೆ ನೆರಳು ಎಲ್ಲಿ ಬರಬೇಕು," ಎಂದರು ಭಾವ.

ಪುಕ್ಕಟೆ ಭೂಮಿ ಬಡ್ಡಿ ಸಮೇತ ವಸೂಲು ಮಾಡಿದ್ದು 1880–81ರ ಚಳಿಗಾಲದಲ್ಲಿ. ಹಿಮಗಾಳಿಯ ಹಿಂದೆ ಹಿಮಗಾಳಿ ಬಂದು ರೈಲು ನಿಂತಿತು. ಕಲ್ಲಿದ್ದಲಿಲ್ಲ, ಹಿಟ್ಟಿಲ್ಲ. ಕಾಫಿ ಬೀಜ ಪುಡಿ ಮಾಡುವ ಯಂತ್ರದಲ್ಲಿ ಗೋಧಿ ಬೀಸಿ ತಿಂದರು. ಒಣಹುಲ್ಲನ್ನು ಹುರಿ ಹೊಸೆದು ಒಲೆಗಿಟ್ಟರು. ಆ ಹೊಸೆಯುವ ಕೆಲಸವನ್ನು ಪ್ರವಾಸಿಗಳ ಕೈಯಲ್ಲೂ ಮಾಡಿಸುತ್ತಾರೆ. ಒಂದು ಹಿಡಿ ಹುಲ್ಲನ್ನು ಬಿಗಿಯಾಗಿ ತಿರುಚಿ, ನಡುವೆ ಮಡಚಿ, ತುದಿಯನ್ನು ಸಂದಿಗೆ ಸಿಕ್ಕಿಸಬೇಕು. ಭಾವ ಸಿಕ್ಕಿಸುವಷ್ಟರಲ್ಲಿ ಅದು ಬುಸ್ಸೆಂದು ಬಿಚ್ಚಿಕೊಂಡು ಅಂಗಿಯೆಲ್ಲ ಹುಲ್ಲಾಯಿತು. ಪಕ್ಕದಲ್ಲಿದ್ದ ಪುಟ್ಟ ಹುಡುಗಿಯೊಬ್ಬಳು ಅಷ್ಟರಲ್ಲಿ ಮೂರು ಮುಗಿಸಿದ್ದಳು. ಅಕ್ಕನದು ಹೂ ಕಟ್ಟಿ ಪಳಗಿದ ಕೈ. ಒಂದೇ ಸಲಕ್ಕೆ ಹೊಸೆದು ಗಂಡನ ಮಡಿಲಿಗೆ ಹಾಕಿ, "ನಿಮ್ಮನ್ನು ನಂಬಿಕೊಂಡಿದ್ರೆ ಆ ವರ್ಷವೇ ನನ್ನ ತಿಥಿ," ಎಂದಳು.

ಚೇಂಬರ್ಲಿನ್‌ನಲ್ಲಿ ಮಿಸ್ಸೌರಿ ಹೊಳೆ ದಾಟುವಾಗ ಭಾವನ ಪಾಠ ಶುರುವಾಯಿತು. ಸೌತ್ ಡಕೋಟಾದಲ್ಲಿ ಈ ಹೊಳೆಯಿಂದ ಪಶ್ಚಿಮಕ್ಕಿರುವುದೆಲ್ಲ ಲಕೋಟಾ ಮತ್ತಿತರ ಸೂ ಮೂಲನಿವಾಸಿಗಳದೆಂದು 1868ರ ಫೋರ್ಟ್ ಲಾರಮಿ ಒಪ್ಪಂದದಲ್ಲಿ ಸರ್ಕಾರವೇ ಬರೆದುಕೊಟ್ಟಿತ್ತು. 1874ರಲ್ಲಿ ಅಲ್ಲಿನ ಬ್ಲ್ಯಾಕ್ ಹಿಲ್ಸ್‌ನಲ್ಲಿ ಚಿನ್ನ ಕಂಡದ್ದೇ ತಡ, ಕಾಗದ ಕಾಗದವಾಗಿಯೇ ಉಳಿಯಿತು. "ನಮ್ಮ ದಾಯಾದಿಗಳೇ ವಾಸಿ," ಎಂದರು. ಅವರ ಬಾಯಲ್ಲಿ ಈ ಮಾತು ಕೇಳಿದ್ದು ಅದೇ ಮೊದಲು.

ಇಷ್ಟರಲ್ಲಿ ವಾಲ್ ಡ್ರಗ್‌ನ ಬೋರ್ಡುಗಳ ಹಾವಳಿ. 1931ರಲ್ಲಿ ಟೆಡ್ ಹಸ್ಟೆಡ್ ಎಂಬಾತ ವಾಲ್ ಎಂಬ ಸಣ್ಣ ಊರಿನಲ್ಲಿ ಔಷಧದ ಅಂಗಡಿ ಕೊಂಡು ನೊಣ ಹೊಡೆಯುತ್ತಿದ್ದ. 1936ರ ಬೇಸಿಗೆಯಲ್ಲಿ ಹೆಂಡತಿ ಡೊರೊಥಿ ಕೊಟ್ಟ ಸಲಹೆ: ರಸ್ತೆ ಬದಿಗೆ 'ಐಸ್ ನೀರು ಪುಕ್ಕಟೆ' ಎಂದು ಬೋರ್ಡು ಹಾಕು. ಅಂದಿನಿಂದ ಗಿರಾಕಿಗಳ ಜಾತ್ರೆ ಕರಗಿಲ್ಲ, ಬೋರ್ಡುಗಳೂ ಮುಗಿದಿಲ್ಲ. ಚಂದಾ ವಸೂಲಿಗೆ ಬಂದವರ ಹಾಗೆ ಅವು ದಾರಿಯುದ್ದಕ್ಕೂ ಬೆನ್ನು ಬಿಡುವುದಿಲ್ಲ.

ವಾಲ್ ತಲುಪುವ ಮುಂಚೆಯೇ ಮಿನಿಟ್‌ಮ್ಯಾನ್ ಕ್ಷಿಪಣಿಗಳ ಚಾರಿತ್ರಿಕ ತಾಣ. ಶೀತಲ ಸಮರದ ಕಾಲದಲ್ಲಿ ಈ ಹುಲ್ಲಿನಡಿ 150 ಅಣ್ವಸ್ತ್ರ ಕ್ಷಿಪಣಿಗಳನ್ನು ಹೂತಿಟ್ಟಿದ್ದರು. 1991ರ ಸ್ಟಾರ್ಟ್ ಅಸ್ತ್ರ ಕಡಿತ ಒಪ್ಪಂದದ ನಂತರ ತೆಗೆದರು. ಅವನ್ನು ಹಾರಿಸುವ ನಿಯಂತ್ರಣ ಕೇಂದ್ರಗಳಲ್ಲೊಂದಾದ ಡೆಲ್ಟಾ-01 ಮೇಲಿನಿಂದ ನೋಡಿದರೆ ಯಾರದೋ ತೋಟದ ಮನೆ. ಲಿಫ್ಟಿನಲ್ಲಿ ಇಳಿದರೆ ಇಬ್ಬರು ಅಧಿಕಾರಿಗಳು 24 ಗಂಟೆ ಪಾಳಿಯಲ್ಲಿ ಕೂರುತ್ತಿದ್ದ ಕೋಣೆ. ಒಬ್ಬನೇ ತಲೆಕೆಟ್ಟು ಕ್ಷಿಪಣಿ ಹಾರಿಸುವ ಎರಡೂ ಕೀಲಿ ತಿರುಗಿಸದಿರಲೆಂದು ಅವುಗಳ ನಡುವೆ ಕೈಗೆಟುಕದಷ್ಟು ದೂರ. ಕುರ್ಚಿಗೆ ಸೀಟ್ ಬೆಲ್ಟು. ಎಲ್ಲಿಗೂ ಹೋಗದ ಕೋಣೆಗೆ ಬೆಲ್ಟೇಕೆ ಎಂದು ಅಕ್ಕ ಕೇಳಿದಳು. ಮೇಲೆ ಬಾಂಬು ಬಿದ್ದಾಗ ಕುಲುಕಾಟಕ್ಕೆ ಎಂದ ಮಗ.

ಎಂಟು ಟನ್ ತೂಕದ ಬಾಗಿಲ ಮೇಲೆ ಯಾರೋ ಸೈನಿಕ ಪಿಜ್ಜಾ ಡಬ್ಬಿಯ ಚಿತ್ರ ಬರೆದಿದ್ದಾನೆ. ಅದರ ಸಾರಾಂಶ: ಜಗತ್ತಿನ ಯಾವ ಮೂಲೆಗಾದರೂ 30 ನಿಮಿಷದೊಳಗೆ ತಲುಪಿಸುತ್ತೇವೆ, ತಡವಾದರೆ ಮುಂದಿನದು ಪುಕ್ಕಟೆ. ಭಾವ ಓದಿದರು. ಜನ್ಮದಲ್ಲಿ ಮೊದಲ ಬಾರಿಗೆ, "ಇದೊಂದು ಬೇಡಪ್ಪ," ಎಂದರು.

ವಾಲ್ ಡ್ರಗ್‌ನಲ್ಲಿ ನೀರು ಬಿಟ್ಟಿ, ಕಾಫಿಗೆ ಐದು ಸೆಂಟ್. ಗಲ್ಲಾದಲ್ಲಿ ಯಾರೂ ಇಲ್ಲ. ಡಬ್ಬಿಗೆ ಕಾಸು ಹಾಕಿ ನಾವೇ ಬಗ್ಗಿಸಿಕೊಳ್ಳಬೇಕು. ಭಾವ ಒಂದು ಡಾಲರ್ ನೋಟು ತೂರಿಸಿ, ಚಿಲ್ಲರೆ ಎಲ್ಲಿಂದ ಬರುತ್ತದೆಂದು ಡಬ್ಬಿಯ ಸುತ್ತ ನೋಡಿದರು. ಬರಲಿಲ್ಲ. ಹಾಗಾದರೆ ಲೆಕ್ಕಕ್ಕೆ ಇಪ್ಪತ್ತು ಕಪ್ ಆಗಬೇಕು. ನಮಗೆಲ್ಲ ಎರಡೆರಡು ಹಂಚಿ, ಉಳಿದದ್ದಕ್ಕೆ ತಾವೇ ಕೂತರು. ಅಕ್ಕ ತೋಳು ಹಿಡಿದು ಎಬ್ಬಿಸಿದಾಗ ಏಳನೆಯದು ನಡೆಯುತ್ತಿತ್ತು. ಅಲ್ಲಿಂದ ರ‍್ಯಾಪಿಡ್ ಸಿಟಿ ಒಂದು ಗಂಟೆಯ ದಾರಿ. ಭಾವನ ದೆಸೆಯಿಂದ ನಾವು ಅದಕ್ಕೆ ತೆಗೆದುಕೊಂಡದ್ದು ಎರಡೂವರೆ. ನಿಲ್ಲಿಸಿದ ಕಡೆಯೆಲ್ಲ ಅವರು ಚಾರಿತ್ರಿಕ ಬೋರ್ಡು ಇದೆಯೇ ಎಂದು ಮಾತ್ರ ನೋಡಲಿಲ್ಲ.