ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತೆ?

ಮೊಬೈಲಿಗೆ ಸಿಕ್ಕಿಸುವ ಲೆನ್ಸು ಇಟ್ಟುಕೊಂಡವರಲ್ಲಿ ಎರಡು ಪಂಗಡ: ತಮ್ಮ ಹತ್ತಿರ ಮ್ಯಾಕ್ರೋ ಲೆನ್ಸ್ ಇದೆ ಎಂದು ಗೊತ್ತಿರುವವರು, ಇದ್ದೂ ಗೊತ್ತಿಲ್ಲದವರು. ಎರಡನೆಯ ಪಂಗಡವೇ ದೊಡ್ಡದೆಂದು ನನ್ನ ಗುಮಾನಿ. ಎಸ್.ಪಿ. ರೋಡಿನಲ್ಲೋ ಆನ್‌ಲೈನಿನಲ್ಲೋ ಕೆಲವು ನೂರು ರೂಪಾಯಿಗೆ ಒಂದು ಪುಟ್ಟ ಚೀಲ ಸಿಗುತ್ತದೆ. ಅದರಲ್ಲಿ ಬಟ್ಟೆ ಒಣಹಾಕುವ ಕ್ಲಿಪ್ಪಿನ ತಮ್ಮನಂಥ ಒಂದು ಕ್ಲಿಪ್ಪು, ಒಂದು ಫಿಶ್‌ಐ ಲೆನ್ಸು, 0.67 ಎಂದು ಬರೆದ ಒಂದು ವೈಡ್ ಲೆನ್ಸು. ಡಬ್ಬದ ಮೇಲೆ ಮಾತ್ರ ಮೂರು ಲೆನ್ಸ್ ಎಂದಿರುತ್ತದೆ. ಮೂರನೆಯದೆಲ್ಲಿ ಎಂದು ಅಂಗಡಿಯವನ ಮೇಲೆ ಜಗಳಕ್ಕೆ ಹೋದವರುಂಟು. ಅದು ವೈಡ್ ಲೆನ್ಸಿನ ಹೊಟ್ಟೆಯಲ್ಲೇ ಕೂತಿರುತ್ತದೆ. ಮುಂದಿನ ಭಾಗವನ್ನು ತಿರುಗಿಸಿ ಬಿಚ್ಚಿದರೆ ಹಿಂದೆ ಉಳಿಯುವ ಗಾಜೇ ಮ್ಯಾಕ್ರೋ.

ಅಕ್ಕನ ಮಗ ಇಂಥ ಚೀಲಕ್ಕೆಲ್ಲ ಮರುಳಾಗುವವನಲ್ಲ. ಅವನದು ರೀಲ್ಸ್ ಮಾಡುವ ವಯಸ್ಸು, ಕಿರುಚಿತ್ರ ಮಾಡುವ ಕನಸು. "ಮಾವ, ಯಾವ ಲೆನ್ಸ್ ಒಳ್ಳೇದು?" ಎಂದು ಕೇಳಿದ. ಯಾವ ಊಟ ಒಳ್ಳೇದು ಎಂದು ಕೇಳಿದರೆ ಏನು ಹೇಳುವುದು! "ನೀನು ತೆಗೀಬೇಕು ಅಂತಿರೋದು ನಿನ್ನನ್ನ ಎಷ್ಟು ಹತ್ತಿರ ಬಿಟ್ಟುಕೊಳ್ಳುತ್ತೆ?" ಎಂದು ನಾನೇ ತಿರುಗಿ ಕೇಳಿದೆ. ಲೆನ್ಸ್ ಆರಿಸುವುದೆಂದರೆ ನಾವು ನಿಲ್ಲುವ ಜಾಗ ಆರಿಸುವುದು. ಬೆಲೆ, ಗಾಜು, ಗ್ಯಾರಂಟಿ ಎಲ್ಲ ಆಮೇಲೆ.

ಮ್ಯಾಕ್ರೋ ಲೆನ್ಸುಗಳ ಮೇಲೆ 10x, 15x ಎಂದು ಬರೆದಿರುತ್ತದಲ್ಲ, ಅದು ಹೆಚ್ಚಿದ್ದಷ್ಟೂ ಒಳ್ಳೆಯದೆಂದು ಕೊಳ್ಳುವವರ ಲೆಕ್ಕ. ಭೂತಗನ್ನಡಿಯವರ ಲೆಕ್ಕವೇ ಬೇರೆ. 250ನ್ನು ಆ ಅಂಕಿಯಿಂದ ಭಾಗಿಸಿ. ಬಂದ ಉತ್ತರ, ಮಿಲಿಮೀಟರಿನಲ್ಲಿ, ನೀವು ಹೆಚ್ಚುಕಡಿಮೆ ನಿಲ್ಲಬೇಕಾದ ದೂರ. 10x ಎಂದರೆ ಎರಡೂವರೆ ಸೆಂಟಿಮೀಟರ್. 15x ಎಂದರೆ ಒಂದೂಮುಕ್ಕಾಲಿಗಿಂತ ಕಡಿಮೆ. ಮಲ್ಲಿಗೆ ಮೊಗ್ಗಿಗೆ ಇದರಿಂದ ತಕರಾರಿಲ್ಲ, ಮೊಬೈಲಿನ ನೆರಳು ಅದರ ಮೇಲೆ ಬೀಳುತ್ತದೆ ಎಂಬುದೊಂದು ಬಿಟ್ಟರೆ. ಮಾವಿನ ಎಲೆ ಹೆಣೆದು ಗೂಡು ಕಟ್ಟುವ ಚಗಳಿ ಇರುವೆಯ ಮುಂದೆ ಎರಡೂವರೆ ಸೆಂಟಿಮೀಟರಿನಲ್ಲಿ ಮೊಬೈಲ್ ಹಿಡಿದು ನೋಡಿ. ಮಲೆನಾಡಿನವರು ಅದನ್ನು ಚಟ್ನಿ ಮಾಡಿ ತಿನ್ನುತ್ತಾರೆ, ನಿಜ. ಫೋಟೊಗ್ರಾಫರ್ ಸಿಕ್ಕಾಗ ಅದು ಆ ಹಳೆಯ ಬಾಕಿಯನ್ನೆಲ್ಲ ಬಡ್ಡಿಸಮೇತ ವಸೂಲು ಮಾಡುತ್ತದೆ.

ಹಾಗಾಗಿ ಕೀಟದ ಹುಚ್ಚು ಇರುವವರು 10 ಡಯಾಪ್ಟರಿನ ಲೆನ್ಸು ಹುಡುಕುವುದು ಮೇಲು. ಅದು 10 ಸೆಂಟಿಮೀಟರ್ ದೂರದಲ್ಲಿ ನಿಲ್ಲಲು ಬಿಡುತ್ತದೆ. ಡಯಾಪ್ಟರ್ ಎಂದರೆ ಹೆದರಬೇಕಿಲ್ಲ. ನಮ್ಮ ಓದುವ ಕನ್ನಡಕದ ಪ್ಲಸ್ ಎರಡು, ಪ್ಲಸ್ ಎರಡೂವರೆ ಇದೇ ಲೆಕ್ಕ. ಮೊಬೈಲಿನ ಮುಂದೆ ಅಪ್ಪನ ಪ್ಲಸ್ ಎರಡರ ಕನ್ನಡಕ ಹಿಡಿದರೂ ಅದೊಂದು ಪುಕ್ಕಟೆ ಲೆನ್ಸೇ, ಅಪ್ಪ ಪೇಪರ್ ಓದುತ್ತಿಲ್ಲದ ಹೊತ್ತಿನಲ್ಲಿ.

250ರ ಈ ಭಾಗಾಕಾರ ನನಗೊಂದು ಆಟವೇ ಆಗಿಬಿಟ್ಟಿದೆ. ಡೆಲ್ಫ್ಟ್ ಊರಿನ ಬಟ್ಟೆ ವ್ಯಾಪಾರಿ ಲೀವನ್‌ಹುಕ್ 17ನೇ ಶತಮಾನದಲ್ಲಿ ಒಂದೇ ಒಂದು ಪುಟ್ಟ ಗಾಜಿನಿಂದ ಕೆರೆನೀರಿನ ಜೀವಿಗಳನ್ನು ನೋಡಿದನಲ್ಲ, ಉಳಿದಿರುವ ಅವನ ಲೆನ್ಸುಗಳಲ್ಲಿ ಅತ್ಯಂತ ಬಲವಾದದ್ದು ಸುಮಾರು 270 ಪಟ್ಟು ಹಿಗ್ಗಿಸುತ್ತದೆ. ಅಂದರೆ ನೋಡುವ ವಸ್ತು ಗಾಜಿನಿಂದ ಒಂದು ಮಿಲಿಮೀಟರ್ ದೂರವೂ ಇರುವಂತಿಲ್ಲ. ಅವನ ಕೊಂಡಿಯನ್ನೇ ಹಿಡಿದು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಮನು ಪ್ರಕಾಶ್ ಮತ್ತು ಅವರ ಬಳಗ ಮಡಚಿ ಮಾಡುವ ಕಾಗದದ ಸೂಕ್ಷ್ಮದರ್ಶಕ ರೂಪಿಸಿತು: ಫೋಲ್ಡ್‌ಸ್ಕೋಪ್. 140 ಪಟ್ಟು. ಅಯಸ್ಕಾಂತದ ಪುಟ್ಟ ಬಳೆಯಿಂದ ಅದು ಮೊಬೈಲ್ ಕ್ಯಾಮೆರಾಕ್ಕೆ ಅಂಟಿಕೊಳ್ಳುತ್ತದೆ. ಮೊಬೈಲಿಗೆ ಹಾಕುವ ಲೆನ್ಸುಗಳಲ್ಲಿ ನನಗೆ ಅತ್ಯಂತ ಗೌರವ ಇದರ ಮೇಲೆ. ರೀಲ್ಸಿಗೆ ಏನೂ ಪ್ರಯೋಜನವಿಲ್ಲ ಎಂಬುದೂ ಆ ಗೌರವಕ್ಕೆ ಒಂದು ಕಾರಣ ಇರಬಹುದು.

ದೂರದ ವಸ್ತುವಿನ ವ್ಯವಹಾರ ಬೇರೆ. 12x, 18x ಎಂದು ಮಾರುವ ಟೆಲಿಫೋಟೊ ಕೊಳವೆ ನಿಜಕ್ಕೂ ಒಂದು ಚಿಕ್ಕ ದುರ್ಬೀನು. ಎದುರುಮನೆಯ ಮಹಡಿಯ ಒಣಮೆಣಸಿನಕಾಯಿ ಎಣಿಸಬಹುದು, ಎದುರುಮನೆಯವರು ಅದನ್ನು ಹೇಗೆ ತೆಗೆದುಕೊಳ್ಳುತ್ತಾರೆ ಎಂಬುದು ನಿಮಗೆ ಬಿಟ್ಟಿದ್ದು. ಟ್ರೈಪಾಡ್ ಇಲ್ಲದೆ ಅದು ಕೆಲಸಕ್ಕೆ ಬಾರದು. ಚಿತ್ರ 12 ಪಟ್ಟು ಹಿಗ್ಗುವಾಗ ಕೈನಡುಕವೂ 12 ಪಟ್ಟು ಹಿಗ್ಗುತ್ತದೆ. ರಂಗನತಿಟ್ಟಿನ ದೋಣಿಯಲ್ಲಿ ಇದನ್ನು ಹಿಡಿದು ಕೂತವರು ತೆಗೆಯುವುದು ಬಣ್ಣದ ಕೊಕ್ಕರೆಯನ್ನಲ್ಲ, ಅದು ಹೋದ ದಾರಿಯನ್ನು. ಅಲ್ಲಿನ ಅಂಬಿಗರು ದೋಣಿಯನ್ನು ಹಕ್ಕಿಗಳ ಹತ್ತಿರಕ್ಕೇ ಒಯ್ಯುತ್ತಾರೆ. ಮೊಬೈಲಿನ ಸ್ವಂತ ಟೆಲಿ ಸಾಕು. ಮೂಡಿಗೆರೆಯ ಕಾಡಿನಲ್ಲಿ ಹಕ್ಕಿಗಳಿಗಾಗಿ ಕ್ಯಾಮೆರಾ ಹಿಡಿದು ಕಾದು ಕೂರುತ್ತಿದ್ದ ಸಾಹಿತಿ ತೇಜಸ್ವಿ ತೀರಿಕೊಂಡದ್ದು 2007ರ ಏಪ್ರಿಲ್‌ನಲ್ಲಿ. ಮೊದಲ ಐಫೋನ್ ಅಂಗಡಿಗೆ ಬಂದದ್ದು ಅದೇ ವರ್ಷದ ಜೂನ್‌ನಲ್ಲಿ. ಅವರ ಕೈಗೆ ಈ ಕೊಳವೆ ಸಿಕ್ಕಿದ್ದರೆ ಮೊದಲು ಬಿಚ್ಚಿ ನೋಡುತ್ತಿದ್ದರು ಎಂದೇ ನನ್ನ ನಂಬಿಕೆ.

ಈಗಿನ ಮೊಬೈಲಿನ ಇನ್ನೊಂದು ತರಲೆ ಎಂದರೆ ಅದರ ಬೆನ್ನಿಗೆ ಮೂರು ಕಣ್ಣು. ನೀವು ಮುಖ್ಯವಾದದ್ದಕ್ಕೆ ಲೆನ್ಸ್ ಸಿಕ್ಕಿಸುತ್ತೀರಿ. ಹತ್ತಿರ ಹೋದ ಕೂಡಲೇ ಮೊಬೈಲು ಹೇಳದೆ ಕೇಳದೆ ಅಲ್ಟ್ರಾವೈಡ್‌ಗೆ ಜಿಗಿದು, ನೀವು ದುಡ್ಡು ಕೊಟ್ಟ ಲೆನ್ಸಿನ ಪ್ಲಾಸ್ಟಿಕ್ ಅಂಚನ್ನು ಕಲಾತ್ಮಕವಾಗಿ ತೆಗೆಯುತ್ತದೆ. ಟೆಲಿ ಆರಿಸಿದರೂ ಬೆಳಕು ಕಮ್ಮಿಯಾದಾಗ ಮುಖ್ಯ ಕ್ಯಾಮೆರಾದ ಚಿತ್ರವನ್ನೇ ಕತ್ತರಿಸಿ ಟೆಲಿ ಎಂದು ತೋರಿಸುವ ಮೊಬೈಲುಗಳಿವೆ. ಪತ್ತೆಗೆ ಸುಲಭ ಉಪಾಯ: ಒಂದೊಂದೇ ಕಣ್ಣಿನ ಮೇಲೆ ಬೆರಳಿಡುವುದು. ಪರದೆ ಯಾವಾಗ ಕತ್ತಲಾಯಿತೋ ಅದೇ ಕಣ್ಣು ನೋಡುತ್ತಿದೆ. ಅಂಗಡಿಯಲ್ಲಿ ಲೆನ್ಸ್ ಕೊಳ್ಳುವ ಮೊದಲು ಇದನ್ನು ಮಾಡಿ. ಅಂಗಡಿಯವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ. ವೈಡ್ ಲೆನ್ಸನ್ನಂತೂ ಕೊಳ್ಳಲೇಬೇಡಿ. ಅದು ಮೊಬೈಲಿನೊಳಗೇ ಬಂದಾಗಿದೆ.

ಇನ್ನು ಸಿನಿಮಾ. ಸೀನ್ ಬೇಕರ್ ಎಂಬ ನಿರ್ದೇಶಕ ಲಾಸ್ ಏಂಜಲೀಸಿನ ಬೀದಿಗಳಲ್ಲಿ ಐಫೋನ್ 5ಎಸ್‌ಗೆ ಮೂನ್‌ಡಾಗ್ ಲ್ಯಾಬ್ಸ್‌ನ ಅನಮಾರ್ಫಿಕ್ ಲೆನ್ಸ್ ಸಿಕ್ಕಿಸಿ 'ಟ್ಯಾಂಜರಿನ್' ತೆಗೆದ. 2015ರಲ್ಲಿ ಅದು ಸನ್‌ಡಾನ್ಸ್ ಉತ್ಸವಕ್ಕೆ ಹೋಯಿತು. ಅಲ್ಲಿಂದಾಚೆ ಅಕ್ಕನ ಮಗನಂಥವರಿಗೆಲ್ಲ ಆ ಲೆನ್ಸೇ ಬೇಕು. ಅದು ಅಗಲದ ದೃಶ್ಯವನ್ನು ಅಡ್ಡಕ್ಕೆ 1.33 ಪಟ್ಟು ಹಿಂಡಿ ಒಳಗೆ ಬಿಡುತ್ತದೆ, ಆಮೇಲೆ ಸಾಫ್ಟ್‌ವೇರ್ ಹಿಗ್ಗಿಸುತ್ತದೆ. ತೆಗೆದದ್ದು ಮದುವೆಯಾಗಿದ್ದು ಹಿಗ್ಗಿಸಲು ಮರೆತರೆ ಮದುಮಗ ಮದುಮಗಳು ಇಬ್ಬರೂ ಸಣಕಲು. ಮನೆಯವರಿಗೆ ಅದೇ ಇಷ್ಟವಾದರೂ ಆದೀತು. 1977ರ 'ಸೊಸೆ ತಂದ ಸೌಭಾಗ್ಯ'ದ ಹೊತ್ತಿಗೆ ಕನ್ನಡಕ್ಕೆ ಬಂದ ಸಿನಿಮಾಸ್ಕೋಪಿನ ತಂತ್ರವೂ ಇದೇ.

ನಾನು ಅವನಿಗೆ ಹೇಳಿದ್ದು ಮಾತ್ರ ಬರೀ ಕಪ್ಪು ಗಾಜು: ಎನ್‌ಡಿ ಫಿಲ್ಟರ್. ಮೊಬೈಲಿನ ಕಣ್ಣಿಗೆ ಸಾಮಾನ್ಯವಾಗಿ ಕಿರಿದಾಗಲು ಬರುವುದಿಲ್ಲ. ನಮ್ಮ ಮಟಮಟ ಮಧ್ಯಾಹ್ನದಲ್ಲಿ ಎಫ್/1.8ರ ಲೆನ್ಸು ಐಎಸ್‌ಒ 50ರಲ್ಲೂ ಶಟರನ್ನು 1/4000 ಸೆಕೆಂಡಿಗೆ ಓಡಿಸುತ್ತದೆ, ನಡೆಯುವವರೆಲ್ಲ ಕೀಲುಗೊಂಬೆಗಳಾಗುತ್ತಾರೆ. ಎನ್‌ಡಿ 64 ಹಾಕಿದರೆ ಶಟರ್ ಸುಮಾರು 1/60ಕ್ಕೆ ಇಳಿದು ನಡಿಗೆಗೆ ಜೀವ ಬರುತ್ತದೆ. ಮದುವೆ ಛತ್ರದ ಒಳಗೆ ಅದನ್ನು ಬಿಚ್ಚಿ 25 ಫ್ರೇಮ್, 1/50 ಇಟ್ಟುಕೊಂಡರೆ, ನಮ್ಮ 50 ಹರ್ಟ್ಸ್ ಕರೆಂಟಿನ ಟ್ಯೂಬ್‌ಲೈಟು ಪುರೋಹಿತರ ಮುಖದ ಮೇಲೆ ಪಟ್ಟೆ ಓಡಿಸುವುದಿಲ್ಲ.

ಅವನು ಎಲ್ಲ ಕೇಳಿಸಿಕೊಂಡು ಎರಡನ್ನೂ ತಂದ, ಅನಮಾರ್ಫಿಕ್ಕನ್ನೂ ಎನ್‌ಡಿಯನ್ನೂ. ಕ್ಲಿಪ್ಪು ಜಾರಿ ಮೂಲೆಯೆಲ್ಲ ಕಪ್ಪಾಗುತ್ತದೆ, ಲೆನ್ಸ್ ತಿರುಚಿ ಕೂರಿಸುವ ಕೇಸೇ ಬೇಕು ಎಂದು ಓದಿ ತಿಳಿದುಕೊಂಡ. ಅಂಥ ಕೇಸು ಅವನ ಮೊಬೈಲಿನ ಮಾಡೆಲ್‌ಗೆ ಇಲ್ಲ. ನಿನ್ನೆ ಅಕ್ಕ ಫೋನ್ ಮಾಡಿದ್ದಳು.

"ಲೆನ್ಸಿಗೆ ಹೊಂದೋ ಮೊಬೈಲ್ ತಗೋಬೇಕು ಅಂತ ಕೂತಿದಾನೆ ಕಣೋ. ಮಾವನೇ ಹೇಳಿದ್ದು ಅಂತಾನೆ. ನೀನು ಹಂಗಂದ್ಯಾ?"