ಜಪಾನ್ ಮೇಷ್ಟ್ರು

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಒಂದು ಕಾಲಕ್ಕೆ ಕಾಶಿಗೆ ಹೋಗಿ ಬಂದವರಿಗೆ ಮರ್ಯಾದೆಯಿತ್ತು. ಆಮೇಲೆ ದುಬೈಗೆ ಹೋದವರಿಗೆ, ಅದಾದ ಮೇಲೆ ಮಗ ಅಮೆರಿಕದಲ್ಲಿರುವವರಿಗೆ. ಈಗ ಅಮೆರಿಕ ತೀರಾ ಸಾಮಾನ್ಯವಾಗಿದೆ. ಮದುವೆ ಊಟದ ಪಂಕ್ತಿಯಲ್ಲಿ ಅದರ ಹೆಸರೆತ್ತಿದರೆ ಪಕ್ಕದವರು ಆ ಕಡೆ ತಿರುಗಿ ಸಾರು ಕೇಳುತ್ತಾರೆ. ಹೀಗೆ ಖಾಲಿ ಬಿದ್ದ ಗಾದಿಯ ಮೇಲೆ ಬಂದು ಕೂತವರು ಜಪಾನ್ ಮೇಷ್ಟ್ರು.

ಇವರು ಒಬ್ಬರಲ್ಲ, ಊರಿಗೊಬ್ಬರು. ಹೈಸ್ಕೂಲಿನಲ್ಲಿ ಪಾಠ ಹೇಳಿದವರಿರಬಹುದು, ಬ್ಯಾಂಕಿನ ಕ್ಯಾಷಿಯರ್ ಆಗಿದ್ದವರಿರಬಹುದು, ತಾಲ್ಲೂಕು ಕಚೇರಿಯ ಶಿರಸ್ತೇದಾರರಿರಬಹುದು. ಜಪಾನಿಗೆ ಹೋಗಿ ಬಂದ ಮೇಲೆ ಎಲ್ಲರೂ ಮೇಷ್ಟ್ರೇ. ಅಳಿಯನದು ಟೋಕಿಯೋದಲ್ಲಿ ಸಾಫ್ಟ್‌ವೇರ್ ಕೆಲಸ. ಮಗಳ ಬಾಣಂತನಕ್ಕೆ ಹೆಂಡತಿ ಹೊರಟರು, ಹೆಂಡತಿಯ ಚೀಲ ಹಿಡಿಯಲು ಇವರು ಹೊರಟರು. ಅಲ್ಲಿದ್ದಷ್ಟು ದಿನ ಆಕೆ ಅಡುಗೆಮನೆ ಬಿಟ್ಟು ಹೊರಗೆ ಬರಲಿಲ್ಲ, ಇವರು ಮನೆಯೊಳಗೆ ನಿಲ್ಲಲಿಲ್ಲ. ಹಾಗಾಗಿ ಜಪಾನಿನ ವಿಷಯ ಆಕೆಯನ್ನು ಯಾರೂ ಕೇಳುವುದಿಲ್ಲ.

ಮೇಷ್ಟ್ರ ಪೀಠಿಕೆ ಯಾವಾಗಲೂ ಒಂದೇ. "ಮೊದಲು ವಿಶ್ವೇಶ್ವರಯ್ಯನವರು ಹೋಗಿದ್ರು, 1898ರಾಗ. ಆಮೇಲೆ ನಾವು." ನಡುವಿನ ನೂರಾರು ಕನ್ನಡಿಗರು ಈ ಲೆಕ್ಕಕ್ಕೆ ಬರುವುದಿಲ್ಲ.

ಈಚೆಗೆ ಮೇಷ್ಟ್ರಿಗೆ ಗಿರಾಕಿ ಹೆಚ್ಚು. ಬೆಂಗಳೂರಿನಿಂದ ಟೋಕಿಯೋದ ನರಿತಾಕ್ಕೆ ನೇರ ವಿಮಾನವಿದೆ. ಮಾರ್ಚ್ ಕೊನೆ, ಏಪ್ರಿಲ್ ಮೊದಲಿಗೆ ಚೆರ್ರಿ ಹೂವು ತೋರಿಸುತ್ತೇವೆಂದು ಟೂರಿನವರು ಹೊಸಪೇಟೆ, ದಾವಣಗೆರೆಯ ದುಡ್ಡಿದ್ದವರನ್ನೆಲ್ಲ ಎಬ್ಬಿಸುತ್ತಿದ್ದಾರೆ. ಹಾಗೆ ಮುಂಗಡ ಕಟ್ಟಿದ ಮೆಕ್ಕೆಜೋಳದ ದಲಾಲಿ ಅಂಗಡಿಯ ಸಾಹುಕಾರರೊಬ್ಬರು ಹೆಂಡತಿಯೊಡನೆ ಮೇಷ್ಟ್ರ ಮನೆಗೆ ಬರುತ್ತಾರೆ ಎನ್ನಿ. ಬರುವಾಗ ಅವರಿಗೆ ಇರುವುದು ಒಂದೇ ಚಿಂತೆ, ಚಳಿ ಎಷ್ಟು ಎಂಬುದು. ಮೇಷ್ಟ್ರಿಗೆ ಇದು ಸಾಲದು. ಹೆದರದವನಿಗೆ ಧೈರ್ಯ ಹೇಳುವುದು ಹೇಗೆ? ಆದ್ದರಿಂದ ಮೊದಲು ಹೆದರಿಸುತ್ತಾರೆ.

"ಚಪ್ಪಲಿ ವಿಷಯ ಗೊತ್ತೈತೇನು ಸಾವ್ಕಾರ್ರೆ?"

ಸಾಹುಕಾರರು ತಮ್ಮ ಕಾಲು ನೋಡಿಕೊಳ್ಳುತ್ತಾರೆ. ಹೊರಗಿನ ಚಪ್ಪಲಿ ಬಾಗಿಲೊಳಗಿನ ತಗ್ಗಿನಲ್ಲಿ ಬಿಡಬೇಕು, ಒಳಗಿನ ಚಪ್ಪಲಿ ಮೆಟ್ಟಬೇಕು, ಚಾಪೆ ಹಾಸಿದ ಕೋಣೆಗೆ ಅದೂ ಕೂಡದು, ಪಾಯಖಾನೆಗೆ ಬೇರೆಯೇ ಜೋಡು, ಆ ಜೋಡಿನಲ್ಲಿ ಮರೆತು ನಡುಮನೆಗೆ ಬಂದರೆ ಮಾನ ಹೋಯಿತು. ಸಾಹುಕಾರರ ಹಣೆ ಬೆವರಿದ್ದು ಕಂಡ ಮೇಲೆ ಔಷಧಿ ಹೊರಬೀಳುತ್ತದೆ. "ಅಂಜಬ್ಯಾಡ್ರಿ. ಚಪ್ಪಲಿ ಹೊರಗ ಬಿಡಾದು ನಮಗೇನು ಹೊಸದ? ಕಳವಿನ ಅಂಜಿಕೆ ಒಂದು ಅಲ್ಲಿಲ್ಲ, ಅಷ್ಟ."

ಈ ಮಾತಿನ ಹಿಂದೆ ಒಂದು ಕಥೆಯಿದೆ. ಕೊಟ್ಟೂರೇಶ್ವರನ ತೇರಿನ ದಿನ ಜಾಣರು ಎಡಗಾಲಿನದು ಒಂದು ಮೂಲೆಗೆ, ಬಲಗಾಲಿನದು ಇನ್ನೊಂದು ಮೂಲೆಗೆ ಬಿಟ್ಟು ಒಳಗೆ ಹೋಗುತ್ತಾರಲ್ಲ, ಮೇಷ್ಟ್ರು ಕ್ಯೋಟೋದ ದೇವಸ್ಥಾನದಲ್ಲೂ ಅದನ್ನೇ ಮಾಡಿದರು. ಹೊರಗೆ ಬಂದು ನೋಡಿದರೆ ಯಾರೋ ಪುಣ್ಯಾತ್ಮರು ಎರಡನ್ನೂ ಹುಡುಕಿ ಜೋಡಿಸಿ, ಮೆಟ್ಟಿಕೊಂಡು ಹೊರಡಲು ಅನುಕೂಲವಾಗಲೆಂದು ಮೂತಿ ಹೊರಗೆ ಮಾಡಿ ಇಟ್ಟಿದ್ದರು. ಅಲ್ಲಿಯ ಪದ್ಧತಿಯೇ ಅದು. ಮೇಷ್ಟ್ರಿಗೆ ಮಾತ್ರ ತಮ್ಮ ಯುಕ್ತಿ ಯಾರಿಗೋ ತಿಳಿದುಬಿಟ್ಟಿತಲ್ಲ ಎಂಬ ನಾಚಿಕೆ.

ಮುಂದಿನದು ಪಾಯಖಾನೆ. ಮೇಷ್ಟ್ರು ಇಲ್ಲಿ ದನಿ ತಗ್ಗಿಸಿ, ಹೆಂಗಸರು ಒಳಗೆ ಹೋದರೇ ಎಂದು ನೋಡಿ ಶುರುಮಾಡುತ್ತಾರೆ. ಪರದೇಶವೆಂದರೆ ಕಾಗದ ಎಂದುಕೊಂಡು ಇವರು ಊರಿಂದ ಪ್ಲಾಸ್ಟಿಕ್ ಚೊಂಬು ಒಯ್ದಿದ್ದರು. ಅದು ಚೀಲದಿಂದ ಹೊರಗೇ ಬರಲಿಲ್ಲ. ಟೋಟೋ ಎಂಬ ಕಂಪನಿ 1980ರಲ್ಲೇ ನೀರು ಚಿಮ್ಮಿ ತೊಳೆಯುವ ಕಮೋಡು ತಂದಿತು. ಈಗ ಅದು ಮನೆಮನೆಯಲ್ಲಿದೆ. ಕೂರುವ ಜಾಗ ಬೆಚ್ಚಗೆ, ನೀರು ಬೆಚ್ಚಗೆ. ಒಳಗಿನ ಸದ್ದು ಹೊರಗೆ ಕೇಳಬಾರದೆಂದು ನೀರು ಸುರಿಯುವ ಸುಳ್ಳು ಸದ್ದು ಮಾಡುವ ಯಂತ್ರವನ್ನೂ 1988ರಲ್ಲಿ ಅದೇ ಕಂಪನಿ ಮಾರಿತು. "ನಾವು ಬಯಲಿಗೆ ಹೋದಾಗ ಯಾರರ ಬಂದ್ರ ಕೆಮ್ತಿದ್ವಿ ನೋಡ್ರಿ, ಅದನ್ನ ಅವರು ಕರೆಂಟಿನಾಗ ಮಾಡ್ಯಾರ." ಗೋಡೆಯ ಬಟನ್ನುಗಳಲ್ಲಿ ಒಂದನ್ನು ಮಾತ್ರ ಮುಟ್ಟಬಾರದು. ಸಾರ್ವಜನಿಕ ಶೌಚಾಲಯಗಳಲ್ಲಿ ಅಪಾಯಕ್ಕೆಂದು ಇಟ್ಟಿರುವುದು ಅದು, ಒತ್ತಿದರೆ ಸಹಾಯಕ್ಕೆ ಜನ ಓಡಿ ಬರುತ್ತಾರೆ. ಇದು ಮೇಷ್ಟ್ರಿಗೆ ಹೇಗೆ ಗೊತ್ತಾಯಿತೆಂದು ಕೇಳುವ ಧೈರ್ಯ ಈವರೆಗೆ ಯಾರೂ ಮಾಡಿಲ್ಲ.

ರೈಲಿನ ಪಾಠ ನನಗೆ ಬಹಳ ಇಷ್ಟ. ಟೋಕಿಯೋದ ಗಾಡಿಗಳಲ್ಲಿ ಫೋನಿನಲ್ಲಿ ಮಾತಾಡುವಂತಿಲ್ಲ, ಗಂಟೆ ಬಾರಿಸುವಂತಿಲ್ಲ, ಎಷ್ಟೇ ಜನ ತುಂಬಿದರೂ ಪಿಟ್ ಎನ್ನುವುದಿಲ್ಲ. ಹೊಸಪೇಟೆ–ಹರಿಹರದ ಪ್ಯಾಸೆಂಜರಿನಲ್ಲಿ ಕಡಲೆಕಾಯಿ ಸುಲಿಯುತ್ತ ಮೂರು ಬೋಗಿಯಾಚೆಯ ಬೀಗರನ್ನು ಮಾತಾಡಿಸುವ ನಮಗೆ ಇದನ್ನು ತಿಳಿಸುವುದು ಹೇಗೆ? ಮೇಷ್ಟ್ರಿಗೆ ಕಷ್ಟವೇ ಆಗಲಿಲ್ಲ. "ಮೈಲಾರದಾಗ ಗೊರವಯ್ಯ ಬಿಲ್ಲು ಏರಿ 'ಸದ್ದಲೇ' ಅಂದ ಕೂಡ್ಲೆ ಲಕ್ಷಗಟ್ಲೆ ಮಂದಿ ಹೆಂಗ ಗಪ್ಪಾಗ್ತೀರಿ? ಟೋಕಿಯೋದಾಗ ದಿನಾ ಹಂಗ. ಕಾರಣಿಕ ಬರಂಗಿಲ್ಲ, ಸ್ಟೇಷನ್ ಬರ್ತೈತಿ." ಜಪಾನಿನ ಶಿಷ್ಟಾಚಾರದ ಬಗ್ಗೆ ಬರೆದ ಯಾವ ಪುಸ್ತಕವೂ ಹಡಗಲಿಯವರಿಗೆ ಇದಕ್ಕಿಂತ ಚೆನ್ನಾಗಿ ಹೇಳಲಾರದು.

ದಾರಿ ತಪ್ಪಿದರೆ? ಅಲ್ಲಿ ಹೆಚ್ಚಿನ ಬೀದಿಗಳಿಗೆ ಹೆಸರೇ ಇಲ್ಲ, ಬ್ಲಾಕಿಗೊಂದು, ಮನೆಗೊಂದು ನಂಬರು. ಸಾಹುಕಾರರು ಹರಪನಹಳ್ಳಿಯವರಾದರೆ ಮೇಷ್ಟ್ರಿಗೆ ಉತ್ಸಾಹ ಉಕ್ಕುತ್ತದೆ. "ನಿಮಗ್ಯಾಕ್ರಿ ವಿಳಾಸದ ಅಂಜಿಕೆ? 1997ರಾಗ ದಾವಣಗೆರಿ, 2018ರಾಗ ತಿರಗಾ ಬಳ್ಳಾರಿ, 2021ರಾಗ ವಿಜಯನಗರ. ಮನಿ ಬಿಟ್ಟು ಕದಲದ ಮೂರು ಜಿಲ್ಲಾ ತಿರುಗೀರಿ!" ಬೀಚಿಯವರು ಹುಟ್ಟಿದ ಊರಿನವರಾದ್ದರಿಂದ ಸಾಹುಕಾರರೂ ನಗುತ್ತಾರೆ. ಆಮೇಲೆ ಕೆಲಸಕ್ಕೆ ಬರುವ ಮಾತು: ಮೂಲೆಮೂಲೆಗೆ ಕೋಬಾನ್ ಎಂಬ ಪುಟ್ಟ ಪೊಲೀಸ್ ಚೌಕಿಯಿರುತ್ತದೆ, ಹೋಟೆಲಿನ ಚೀಟಿ ತೋರಿಸಿದರೆ ನಕ್ಷೆ ಬಿಡಿಸಿ ದಾರಿ ಹೇಳುತ್ತಾರೆ. ಪೊಲೀಸರ ಬಳಿ ತಾನಾಗಿಯೇ ಹೋಗಬೇಕು ಎಂಬುದೊಂದೇ ಸಾಹುಕಾರರಿಗೆ ಒಪ್ಪಿಗೆಯಾಗದ್ದು.

ದುಡ್ಡಿನ ವಿಷಯ ಬೇಗ ಮುಗಿಯುತ್ತದೆ. ಹೋಟೆಲಿನಲ್ಲಿ ಟಿಪ್ಸ್ ಇಡಬಾರದು, ಇಟ್ಟರೆ ಮರೆತು ಹೋದಿರೆಂದು ಬೆನ್ನಟ್ಟಿ ಬಂದು ಕೊಡುತ್ತಾರೆ. ಈ ಮಾತು ಸಾಹುಕಾರರಿಗೆ ಹಿಡಿಸುತ್ತದೆ. ಐದು ಯೆನ್, ಐವತ್ತು ಯೆನ್ ನಾಣ್ಯಗಳಿಗೆ ನಡುವೆ ತೂತು. ನಮ್ಮಲ್ಲೂ 1943ರಿಂದ 1947ರವರೆಗೆ ತೂತಿನ ಕಾಸು ಟಂಕಿಸುತ್ತಿದ್ದರು. ಮನೆಯ ಅಜ್ಜಿಯ ಪೆಟ್ಟಿಗೆಯಲ್ಲಿ ಇನ್ನೂ ಇರಬಹುದು, ಆದರೆ ಅದು ಅಲ್ಲಿ ನಡೆಯುವುದಿಲ್ಲ.

ಬಿಸಿನೀರಿನ ಬುಗ್ಗೆಯಲ್ಲಿ ಬರಿಮೈಯಲ್ಲಿ ಇಳಿಯಬೇಕೆಂದಾಗ ಒಳಗೆ ಹೋಗಿದ್ದ ಹೆಂಗಸರಿಗೂ ಅದು ಹೇಗೋ ಕೇಳಿಸುತ್ತದೆ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ, ಮೊದಲು ಹೊರಗೆ ಕೂತು ಸೋಪು ಹಚ್ಚಿ ತೊಳೆದುಕೊಂಡೇ ಇಳಿಯಬೇಕು, ಹೋಗಲೇಬೇಕೆಂಬ ಕಡ್ಡಾಯವಿಲ್ಲ. ಸಾಹುಕಾರರ ಹೆಂಡತಿ ಅಲ್ಲಿಂದಲೇ ತೀರ್ಪು ಕೊಡುತ್ತಾರೆ, "ಮನ್ಯಾಗ ಹಂಡೆ ಐತಿ ಬಿಡ್ರಿ." ಮುಂಗೈಗೆ ಹಚ್ಚೆ ಹಾಕಿಸಿಕೊಂಡ ಅವ್ವಂದಿರಿಗೆ ಅಲ್ಲಿ ಇನ್ನೊಂದು ತಕರಾರಿದೆ. ಅಲ್ಲಿಯ ರೌಡಿ ಪಡೆಗಳವರು ಮೈತುಂಬ ಹಚ್ಚೆ ಹಾಕಿಸುವುದರಿಂದ ಎಷ್ಟೋ ಬುಗ್ಗೆಗಳಲ್ಲಿ ಹಚ್ಚೆಯವರಿಗೆ ಪ್ರವೇಶವಿಲ್ಲ. ಸಣ್ಣದಾದರೆ ಪಟ್ಟಿ ಅಂಟಿಸಿ ಮುಚ್ಚಿಕೊಳ್ಳಲು ಕೆಲವೆಡೆ ಬಿಡುತ್ತಾರೆ.

ಮೇಷ್ಟ್ರು ಸೋತದ್ದು ನಾನು ಕಂಡಂತೆ ಒಂದೇ ಪ್ರಶ್ನೆಗೆ. ರಸ್ತೆಯಲ್ಲಿ ಕಸದ ಬುಟ್ಟಿ ಕಾಣುವುದೇ ಅಪರೂಪ, 1995ರಲ್ಲಿ ಟೋಕಿಯೋ ಮೆಟ್ರೋದಲ್ಲಿ ವಿಷಾನಿಲ ಬಿಟ್ಟ ಮೇಲೆ ಬಹಳಷ್ಟು ತೆಗೆದುಬಿಟ್ಟರು, ಕಸ ಜೇಬಿನಲ್ಲಿಟ್ಟು ರೂಮಿಗೆ ಒಯ್ಯಬೇಕು ಎಂದು ವಿವರಿಸುತ್ತಿದ್ದರು. ಮೂಲೆಯಲ್ಲಿ ಎಲೆಅಡಿಕೆ ಮೆಲ್ಲುತ್ತಿದ್ದ ಒಬ್ಬರು ಬಾಯಿ ಮೇಲೆತ್ತಿ ಕೇಳಿದರು, "ಉಗುಳಾದು ಎಲ್ಲಿ ಮೇಷ್ಟ್ರೇ?"

ಉತ್ತರ ಬರಲಿಲ್ಲ. ಅವರು ಟಿಕೆಟ್ ರದ್ದು ಮಾಡಿಸಿದರೆಂದು ಕೇಳಿದ್ದೇನೆ.

ಇನ್ನು ಊಟ. "ಏನೂ ಚಿಂತಿ ಇಲ್ರಿ. ಅನ್ನ ಸಿಗ್ತೈತಿ, ಮಿಸೋ ಅಂತ ತಿಳಿಸಾರು ಕೊಡ್ತಾರ, ಸೋಯಾ ಕಾಳಿಂದು. ನಾನು ದಿನಾ ಎರಡು ಬಟ್ಟಲ ಕುಡೀತಿದ್ದೆ" ಎಂದು ಮೇಷ್ಟ್ರು ಹೇಳುವ ಹೊತ್ತಿಗೆ ಅವರ ಮನೆಯವರು ಕಾಫಿ ತಂದಿರುತ್ತಾರೆ. ಲೋಟ ಇಡುತ್ತ ಒಂದೇ ಮಾತು ಹೇಳುತ್ತಾರೆ: "ಅದು ಮೀನಿನ ಸಾರು." ಮಿಸೋ ಸೋಯಾದ್ದೇ, ಸುಳ್ಳಲ್ಲ. ಆದರೆ ಅದನ್ನು ಕದಡುವ ನೀರನ್ನು ಸಾಮಾನ್ಯವಾಗಿ ಒಣಗಿಸಿ ಹೆರೆದ ಬೊನಿಟೊ ಮೀನಿನಿಂದ ಇಳಿಸಿರುತ್ತಾರೆ. ಶಾವಿಗೆಯಂಥ ಸೋಬಾ, ಉದೋನ್‌ಗಳ ಸಾರಿನದೂ ಇದೇ ಕಥೆ. ಮಾಂಸ ಬೇಡ ಎಂದರೆ ಸಾಲದು, ಮೀನಿನ ಸಾರೂ ಬೇಡ ಎನ್ನಬೇಕು. ಮೇಷ್ಟ್ರು ಮಠದ ಭಕ್ತರು. ಅಳಿಯ ಇದನ್ನು ತಿಳಿಸಿದ ದಿನ ಅವರು ಬರೀ ನೀರು ಕುಡಿದು ಮಲಗಿದರಂತೆ. ಆಕೆ ಮಾತ್ರ ಮಗಳ ಅಡುಗೆಮನೆಯಲ್ಲಿ ಡಬ್ಬಿ ಡಬ್ಬಿ ಮೂಸಿ ನೋಡಿ ಎಲ್ಲ ಕಲಿತಿದ್ದಾರೆ. ಉಪ್ಪು ಹುಳಿ ಪ್ಲಮ್ ಹಣ್ಣಿನ ಉಪ್ಪಿನಕಾಯಿ ಇಟ್ಟ ಅನ್ನದುಂಡೆ ಅಂಗಡಿಯಲ್ಲಿ ಸಿಗುತ್ತದೆ, ಬಿಸಿ ಮಾಡಿದರೆ ಅನ್ನವಾಗುವ ಪೊಟ್ಟಣ ಸಿಗುತ್ತದೆ, ಬೌದ್ಧ ಮಠಗಳಲ್ಲಿ ಮೀನು ಮಾಂಸವಿರಲಿ, ಈರುಳ್ಳಿ ಬೆಳ್ಳುಳ್ಳಿಯೂ ಇಲ್ಲದ ಊಟವಿದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಪುಡಿ ಕಟ್ಟಿಕೊಂಡರೆ ವಾರ ಕಳೆಯಬಹುದು. ಮಗಳಿಗೆಂದು ಹಡಗಲಿ ಮಲ್ಲಿಗೆ ಒಯ್ಯಲು ಹೋಗಬಾರದು. ಸಸ್ಯ ಆರೋಗ್ಯದ ಪ್ರಮಾಣಪತ್ರವಿಲ್ಲದ ಹಸಿ ಹೂವು, ಹಣ್ಣನ್ನು ಅಲ್ಲಿಯ ವಿಮಾನ ನಿಲ್ದಾಣದಲ್ಲಿ ಒಳಗೆ ಬಿಡುವುದಿಲ್ಲ.

ಜಪಾನಿಗೆ ಹೊರಟವರಿದ್ದರೆ ಮೇಷ್ಟ್ರನ್ನು ಸಂಜೆ ಆರರ ಮೇಲೆ ಕಾಣಿರಿ. ಚಪ್ಪಲಿ, ರೈಲು, ಕಮೋಡು, ಈ ಮೂರರಲ್ಲಿ ಅವರ ಮಾತು ಕಣ್ಣುಮುಚ್ಚಿ ನಂಬಬಹುದು. ಊಟದ ವಿಷಯ ಅವರ ಮನೆಯವರನ್ನೇ ಕೇಳಿ. ಮಂಡಕ್ಕಿ ಮಿರ್ಚಿ ಮಾತ್ರ ನೀವೇ ಒಯ್ಯಬೇಕು.