ಹಣೆಯ ಮೇಲೊಂದು ಮೆಸೇಜು

ಮೊನ್ನೆ ಬೆಂಗಳೂರಿನಲ್ಲೊಂದು ‘ಸೃಜನಶೀಲ ಸಂಜೆ’ಗೆ ಹೋಗಿದ್ದೆ. ಸೃಜನಶೀಲತೆ ಐದನೇ ಮಹಡಿಯಲ್ಲಿತ್ತು, ಲಿಫ್ಟ್ ಕೆಟ್ಟಿತ್ತು. ಏದುಸಿರು ಬಿಡುತ್ತ ಒಳಗೆ ಬಂದವನನ್ನು ನಿರೂಪಕಿ ಸೀದಾ ವೇದಿಕೆಗೆ ಕರೆದೊಯ್ದು ಕೂರಿಸಿದಳು. ಎದುರಿಗೊಬ್ಬ ಹುಡುಗ, ಕೈಯಲ್ಲಿ ಮೊಬೈಲು, ಬೆರಳ ಸಂದಿಯಲ್ಲೊಂದು ಪ್ಲಾಸ್ಟಿಕ್ ಕಡ್ಡಿ. ಹಿಂದೆ ಗೋಡೆಯಗಲದ ಪರದೆ. ‘ನಿಮ್ಮ ಕಣ್ಣೆದುರೇ, ಲೈವ್ ಆಗಿ, ಐದೇ ನಿಮಿಷದಲ್ಲಿ ಸರ್ ಅವರ ಚಿತ್ರ!’ ಚಪ್ಪಾಳೆ ಬಿತ್ತು.

ಬೆನ್ನು ನೆಟ್ಟಗೆ ಮಾಡಿ, ಹೊಟ್ಟೆ ಒಳಗೆಳೆದು, ರವಿವರ್ಮನ ಮುಂದೆ ಕೂತ ಸಂಸ್ಥಾನಿಕನ ಗತ್ತಿನಲ್ಲಿ ಕೂತೆ. ಹುಡುಗ ಫಟಕ್ಕನೆ ಒಂದು ಫೋಟೊ ಹೊಡೆದ.

‘ಆಯ್ತು ಸರ್. ನೀವು ಕಾಫಿ ಕುಡ್ಕೊಂಡ್ ಬನ್ನಿ.’

‘ಮತ್ತೆ ಚಿತ್ರ ಬರೆಯೋದು?’

‘ಮುಖ ಇಲ್ಲಿದೆಯಲ್ಲ ಸರ್.’

ನನ್ನ ಲೈವ್ ಚಿತ್ರಕ್ಕೆ ನಾನೇ ಬೇಡವಾದೆ. ಲೋಟ ಹಿಡಿದು ಜನರ ನಡುವೆ ನಿಂತೆ. ಪರದೆಯ ಮೇಲೆ ಅವನ ಮೊಬೈಲೇ ಕಾಣುತ್ತಿತ್ತು: ಕೆಳಗೆ ಫೋಟೊದ ಲೇಯರು, ಅದರ ಮೇಲೆ ಗೆರೆಯದು, ಅದರ ಮೇಲೆ ಬಣ್ಣದ್ದು. ತಪ್ಪಿದ ಗೆರೆ ಎರಡು ಬೆರಳಲ್ಲಿ ತಟ್ಟಿದರೆ ಮಾಯ. ಸಂಘಟಕರು ಬಂದು ‘ಕೂದಲು ಸ್ವಲ್ಪ ಜಾಸ್ತಿ ಹಾಕಪ್ಪ, ಸರ್ ದೊಡ್ಡೋರು’ ಎಂದು ಪಿಸುಗುಟ್ಟಿದರು. ಹಾಕಿದ. ಹೊಟ್ಟೆಯ ಲೇಯರನ್ನು ಮರೆಮಾಡಿದ. ಮೂವತ್ತು ವರ್ಷದ ಕೋಡುಬಳೆ, ಚಕ್ಕುಲಿಯ ಶ್ರಮ ಒಂದೇ ಬೆರಳಿಗೆ ಹೋಯಿತು. ನೆರೆದವರೆಲ್ಲ ಇದನ್ನು ತಂತಮ್ಮ ಮೊಬೈಲಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ಬರಿಗಣ್ಣಲ್ಲಿ ನೋಡುತ್ತಿದ್ದವನು ನಾನೊಬ್ಬನೇ. ನನ್ನ ಮೊಬೈಲಿನ ಚಾರ್ಜು ಮುಗಿದಿತ್ತು.

ಮೊಬೈಲನ್ನು ದೂರಿ ಪ್ರಯೋಜನವಿಲ್ಲ. 2009ರ ಜೂನ್ 1ರ ‘ನ್ಯೂಯಾರ್ಕರ್’ ಪತ್ರಿಕೆಯ ಮುಖಪುಟವನ್ನು ಕಲಾವಿದ ಜೋರ್ಜ್ ಕೊಲಂಬೊ ಐಫೋನಿನಲ್ಲೇ, ‘ಬ್ರಶಸ್’ ಎಂಬ ಆ್ಯಪ್‌ನಲ್ಲಿ ಬರೆದದ್ದು. ಟೈಮ್ಸ್ ಸ್ಕ್ವೇರ್ ಬಳಿ ಬೀದಿಯಲ್ಲಿ ಸುಮಾರು ಒಂದು ಗಂಟೆ ನಿಂತು, ಹಾಟ್‌ಡಾಗ್ ಗಾಡಿಯನ್ನು ನೋಡಿ ನೋಡಿ ಬರೆದ. ಮೊಬೈಲಿನಲ್ಲಿ ಅವನಿಗೆ ಹಿಡಿಸಿದ್ದೇ ಅದು: ಚಿತ್ರ ಬರೆಯುತ್ತಿರುವುದು ಯಾರಿಗೂ ಗೊತ್ತಾಗುವುದಿಲ್ಲ. ನಮ್ಮಲ್ಲಿ ಅದಕ್ಕೊಂದು ಪರದೆ, ನಾಲ್ಕು ಸ್ಪೀಕರು. ಸರಿಸುಮಾರು ಅದೇ ಕಾಲಕ್ಕೆ ಇಂಗ್ಲೆಂಡಿನ ಕಲಾವಿದ ಡೇವಿಡ್ ಹಾಕ್ನಿ, ಎಪ್ಪತ್ತು ದಾಟಿದವನು, ಬೆಳಗಿನ ಜಾವ ಹಾಸಿಗೆಯಲ್ಲೇ ಹೆಬ್ಬೆರಳಿನಿಂದ ಹೂವು ಬರೆದು ಗೆಳೆಯರಿಗೆ ಕಳಿಸುತ್ತಿದ್ದ. ನಮ್ಮ ಬಳಗದಲ್ಲೂ ಎಪ್ಪತ್ತು ದಾಟಿದವರು ಬೆಳಗಿನ ಜಾವ ಹೂವನ್ನೇ ಕಳಿಸುತ್ತಾರೆ. ಕೆಳಗೆ ‘ಶುಭೋದಯ’ ಅಂತ ಇರುತ್ತದೆ.

ಜನವರಿಯಲ್ಲಿ ಕುಮಾರಕೃಪಾ ರಸ್ತೆಯ ಚಿತ್ರಸಂತೆಗೆ ಹೋದವರಿಗೆ ಲೈವ್ ಅಂದರೇನು ಅಂತ ಗೊತ್ತು. ಪುಟ್ಟ ಸ್ಟೂಲಿನ ಮೇಲೆ ನಾವು, ಎದುರಿಗೆ ಪೆನ್ಸಿಲ್ ಹಿಡಿದವನು, ಅವನ ಬೆನ್ನ ಹಿಂದೆ ಹತ್ತು ಜನ. ಅವರು ಒಮ್ಮೆ ಹಾಳೆ ನೋಡುತ್ತಾರೆ, ಒಮ್ಮೆ ನಮ್ಮ ಮೂಗು ನೋಡುತ್ತಾರೆ, ಆಮೇಲೆ ಒಬ್ಬರ ಮುಖ ಒಬ್ಬರು ನೋಡಿಕೊಳ್ಳುತ್ತಾರೆ. ಏನಾಯಿತೋ ಎಂದು ನಾವು ಬೆವರುತ್ತೇವೆ. ಎದ್ದು ಹೋಗುವ ಹಾಗಿಲ್ಲ. ಚಿತ್ರ ಮುಗಿದೊಡನೆ ಪೆನ್ಸಿಲಿನವನು ದುಡ್ಡನ್ನು ಕೈಯಲ್ಲೇ ಎಣಿಸಿಕೊಳ್ಳುತ್ತಾನೆ.

ಸಂಜೆಯ ಕಥೆಗೆ ಬರೋಣ. ಹುಡುಗ ನನ್ನ ಹುಬ್ಬು ತಿದ್ದುತ್ತಿದ್ದಾಗ ಪರದೆಯ ಮೇಲಿಂದ, ಸರಿಯಾಗಿ ನನ್ನ ಹಣೆಗೆ, ಒಂದು ಮೆಸೇಜು ಇಳಿಯಿತು. ‘ಅಮ್ಮ: ಹೋದ ಪ್ರೋಗ್ರಾಮಿನ ದುಡ್ಡು ಕೊಟ್ರೇನೋ? ಓನರ್ ಬಂದಿದ್ರು.’

ಹಣೆಬರಹ ಅಂದರೆ ಇದೇ ಇರಬೇಕು. ಹುಡುಗ ಬೆರಳಲ್ಲಿ ಅದನ್ನು ಮೇಲಕ್ಕೆ ತಳ್ಳಿದ. ಸಂಘಟಕರು ಫ್ಯಾನು ನೋಡತೊಡಗಿದರು. ನಿರೂಪಕಿ ಮಾತ್ರ ಚುರುಕು: ‘ಕಲಾವಿದರಿಗೆ ಜೋರಾಗಿ ಚಪ್ಪಾಳೆ!’

ಆಮೇಲೆ ಸಂಘಟಕರನ್ನು ಬದಿಗೆ ಕರೆದು ಕೇಳಿದೆ, ‘ಹುಡುಗನಿಗೆ ಏನು ಕೊಡ್ತೀರಿ?’

‘ಇಂಥ ವೇದಿಕೆ ಸಿಗೋದೇ ದೊಡ್ಡದು ಬಿಡಿ ಸರ್.’

ಮನೆ ಓನರ್ ಬಾಡಿಗೆಗೆ ವೇದಿಕೆ ತಗೋತಾರಾ ಎಂದು ಕೇಳಬೇಕೆನಿಸಿತು. ಆದರೆ ನನಗೂ ಒಂದು ಶಾಲು ಬರುವುದಿತ್ತು. ಸುಮ್ಮನಾದೆ.

ಚಿತ್ರ ರಾತ್ರಿಯೇ ವಾಟ್ಸಾಪಿಗೆ ಬಂತು. ತಲೆ ತುಂಬ ಕೂದಲಿದೆ, ಹೊಟ್ಟೆ ಇಲ್ಲ. ಕೆಳಗೆ ಪ್ರಾಯೋಜಕರ ಮೂರು ಲೋಗೊ ಇವೆ, ಹುಡುಗನ ಹೆಸರಿಲ್ಲ. ನಾನೂ ಕೇಳಿಕೊಂಡು ಬಂದಿರಲಿಲ್ಲ. ಸದ್ಯ ಡಿಪಿಗೆ ಹಾಕಿಕೊಂಡಿದ್ದೇನೆ.